ಗುಡ್ಡಕ್ಕೆ ಹೋದಾಗ ಮುಂಜಾನಿ ಬಿಸಿ ನಾಷ್ಟಾ: ಒಣ ಸಾಮಾನಿನೊಳಗ ನೀವೇನು ಮಾಡ್ತೀರಿ?

ಕೊಪ್ಪಳದ ಕಲ್ಲುಗುಡ್ಡ
ಎಲ್ಲರಿಗೂ ನಮಸ್ಕಾರ್ರಿ. ಚಳಿಗಾಲ ಬಂತಂದ್ರ ನಮ್ಮ ಗೆಳೆಯರ ಗುಂಪು ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಹೊಂಡ್ತೈತಿ. ಹಿರೇಬೆಣಕಲ್ಲಿನ ಮೊರೇರ ಗುಡ್ಡ, ಆನೆಗೊಂದಿ ಸುತ್ತಲಿನ ಬಂಡೆಗಳು, ಒಮ್ಮೊಮ್ಮೆ ಸಂಡೂರಿನ ಕಡೆ. ಮಧ್ಯಾಹ್ನದ ಊಟಕ್ಕ ಚಿಂತಿ ಇಲ್ಲ, ಕಡಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇದ್ದೇ ಇರ್ತಾವು. ಮುಂಜಾನಿ ಮಾತ್ರ ಎಲ್ಲರಿಗೂ ಬಿಸಿ ಏನರ ಬೇಕು. ಚಳಿಯೊಳಗ ಐದಕ್ಕ ಎದ್ದು ಹೊಂಟವರಿಗೆ ಬ್ರೆಡ್ಡು, ಬಿಸ್ಕೀಟು ಕೊಟ್ರ ಯಾರಿಗೂ ಸಮಾಧಾನ ಆಗಂಗಿಲ್ಲ.

ಬಿಸಿನೀರು ಹಾಕಿದ್ರ ತಯಾರಾಗೋ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಅಂಗಡಿಯೊಳಗ ಸಿಗ್ತಾವು. ನಡೆದು ಹಸಿದವರಿಗೆ ಒಂದು ಸಾಲಂಗಿಲ್ಲ, ರೊಕ್ಕಾನೂ ಜಾಸ್ತಿ, ಖಾಲಿ ಪ್ಯಾಕೆಟ್ ಕಸಾನೂ ಹೊತ್ಕೊಂಡು ಬರಬೇಕು. ಬ್ಯಾಸಿಗಿಯೊಳಗ ಒಣಗಿಸಿ ಇಟ್ಟ ಸಾಮಾನು ನಮ್ಮ ಮನ್ಯಾಗ ಇಷ್ಟು ಇರುವಾಗ ಪ್ಯಾಕೆಟ್ ಯಾಕ ಬೇಕು ಅನ್ನೋದು ನನ್ನ ಪ್ರಶ್ನಿ. ಹಗುರ ಇರಬೇಕು, ಹತ್ತು ನಿಮಿಷದಾಗ ಆಗಬೇಕು, ಮಧ್ಯಾಹ್ನದ ತನಕ ಹೊಟ್ಟಿ ತಡೀಬೇಕು. ನೀವೇನು ಒಯ್ತೀರಿ, ಅಳತಿ ಸಮೇತ ಹೇಳ್ರಿ.

ಗಂಗಾವತಿ ಅಕ್ಕ
ತಮ್ಮಾ, ನಮ್ಮ ಕಡೆ ನಾಷ್ಟಾ ಅಂದ್ರ ಮೊದಲು ನೆನಪಾಗೋದು ಮಂಡಾಳ (ಮಂಡಕ್ಕಿ) ಒಗ್ಗರಣಿ. ಅದನ್ನ ಬೇಯಿಸೋ ಕೆಲಸನ ಇಲ್ಲ. ಆದ್ರ ಬ್ಯಾಗಿನ ಲೆಕ್ಕದಾಗ ಎರಡು ತೊಡಕು ಅದಾವು. ತೂಕ ಇಲ್ಲದಿದ್ರೂ ಮಂಡಾಳು ಜಾಗ ತಿಂತಾವು, ನಾಲ್ಕು ಮಂದಿಗೆ ಒಯ್ದ್ರ ಅರ್ಧ ಬ್ಯಾಗ್ ಅವಕ್ಕ ಹೋತು. ಮ್ಯಾಲೆ ಅವನ್ನ ನೀರಾಗ ಅದ್ದಿ ಹಿಂಡಬೇಕು, ಹಿಂಡಿದ ನೀರು ದಂಡ. ಬೆನ್ನಮ್ಯಾಲೆ ಹೊತ್ತು ತಂದ ನೀರು ಹಂಗ ಚೆಲ್ಲಾಕ ಆಗಂಗಿಲ್ಲ.

ಅದಕ್ಕ ನಾ ಮಧ್ಯಮ ಅವಲಕ್ಕಿ ಒಯ್ತೀನಿ. ಒಗ್ಗರಣಿ ಮನಿಯೊಳಗನ ಆಗಿರಬೇಕು. ಒಬ್ಬರಿಗೆ 80 ಗ್ರಾಂ ಅವಲಕ್ಕಿ, 25 ಗ್ರಾಂ ಶೇಂಗಾ, ಎರಡು ಸಣ್ಣ ಚಮಚ ಎಣ್ಣಿ. ಎಣ್ಣಿ ಕಾಸಿ ಸಾಸಿವಿ, ಜೀರಗಿ, ಶೇಂಗಾ, ಒಣಮೆಣಸಿನಕಾಯಿ ಹಾಕಿ ಆಮೇಲೆ ಕರಿಬೇವು. ಕರಿಬೇವು ಗರಿಗರಿ ಆಗೋತನಕ ಇಳಿಸಬ್ಯಾಡ್ರಿ, ಎಲಿಯೊಳಗ ಹಸಿ ಉಳಿದ್ರ ಡಬ್ಬಿಯೊಳಗ ಬೂಸು ಹಿಡೀತೈತಿ. ಅರಿಷಿಣ, ಉಪ್ಪು, ಚೂರು ಸಕ್ಕರಿ, ಒಂದು ಚಮಚ ಪುಟಾಣಿ ಹಿಟ್ಟು. ಅವಲಕ್ಕಿ ಬ್ಯಾರೆ ಸಣ್ಣ ಉರಿಮ್ಯಾಲೆ ಬೆಚ್ಚಗ ಮಾಡಿ ಇದಕ್ಕ ಕಲಸಬೇಕು. ಪೂರ್ತಿ ಆರಿದ ಮ್ಯಾಲೆನ ಕಟ್ಟಬೇಕು. ಬಿಸಿ ಇದ್ದಾಗ ಕಟ್ಟಿದ್ರ ಒಳಗ ಬೆವರು ಬಿಟ್ಟು ಮೆತ್ತಗಾಗ್ತೈತಿ.

ಗುಡ್ಡದಾಗ ಒಬ್ಬರಿಗೆ ಒಂದು ಚಾ ಕಪ್ಪು ಕುದಿಯೋ ನೀರು, ಅಂದ್ರ 120 ಮಿಲಿ ಲೀಟರ್ ಆಸುಪಾಸು. ಸುತ್ತಲೂ ಚಿಮುಕಿಸಿ, ಮುಚ್ಚಿ, ಐದು ನಿಮಿಷ ಬಿಡ್ರಿ. ನಿಂಬಿಹಣ್ಣು ಹಸೀದೇ ಒಯ್ರಿ, ಒಂದು ವಾರ ಅದಕ್ಕೇನೂ ಆಗಂಗಿಲ್ಲ.

ಸಿಂಧನೂರು ಹೊಲದವ
ಅಕ್ಕಾರ, ಅವಲಕ್ಕಿ ಚಲೋನ ಅದ. ಆದ್ರ ಕಡಕ ರೊಟ್ಟಿನ ಬರೇ ಮಧ್ಯಾಹ್ನಕ್ಕ ಯಾಕ ಇಡ್ತೀರಿ? ನಮ್ಮ ಮನಿಯೊಳಗ ಉಳಿದ ರೊಟ್ಟಿ ಮರುದಿನ ಮುಂಜಾನಿ ಒಗ್ಗರಣಿ ಆಗ್ತದ. ಗುಡ್ಡದಾಗೂ ಅದನ್ನ ಮಾಡ್ರಿ.

ಒಬ್ಬರಿಗೆ ಮೂರು ಕಡಕ ರೊಟ್ಟಿ. ಸಣ್ಣ ಸಣ್ಣ ತುಂಡು ಮಾಡಿ ಪಾತ್ರಿಗೆ ಹಾಕ್ರಿ. ಬ್ಯಾಗಿನೊಳಗ ರೊಟ್ಟಿ ಮುರೀತಾವು ಅನ್ನೋ ಭಯಾನೂ ಹೋತು, ಹೆಂಗೂ ಮುರಿಯೋದ ಅದ. ಅರ್ಧ ಲೋಟ ಬಿಸಿನೀರಿಗೆ ಉಪ್ಪು, ಖಾರಪುಡಿ ಹಾಕಿ ತುಂಡುಗಳ ಮ್ಯಾಲೆ ಸುರುವಿ ಮುಚ್ಚಿಡ್ರಿ. ತುಂಡು ಮೆತ್ತಗಾಗಿರಬೇಕು, ಮುದ್ದಿ ಆಗಬಾರದು. ಅಷ್ಟರಾಗ ಬ್ಯಾರೆ ಪಾತ್ರಿಯೊಳಗ ಎಣ್ಣಿ, ಸಾಸಿವಿ, ಜಜ್ಜಿದ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ರೊಟ್ಟಿ ಸುರುವಿ ಎರಡು ನಿಮಿಷ ತಿರುವ್ರಿ. ಮ್ಯಾಲೆ ಶೇಂಗಾ ಹಿಂಡಿ ಇಲ್ಲಾಂದ್ರ ಗುರೆಳ್ಳು ಪುಡಿ. ಜ್ವಾಳದ ರೊಟ್ಟಿ ತಿಂದು ಹೊಂಟವನಿಗೆ ಹನ್ನೊಂದಕ್ಕ ಹಸಿವು ಆಗಂಗಿಲ್ಲ, ಇದು ಹೊಲದಾಗ ದುಡಿಯೋರಿಗೆಲ್ಲಾ ಗೊತ್ತು.

ಇನ್ನೊಂದು. ಸಜ್ಜಿ ರೊಟ್ಟಿ ಮಾಡಿಕೊಂಡು ಹೋಗ್ರಿ, ಆದ್ರ ಸಜ್ಜಿ ಹಿಟ್ಟು ಬಹಳ ದಿನ ಇಟ್ಟಿದ್ದು ತಗೀಬ್ಯಾಡ್ರಿ. ಅದರಾಗ ಜಿಡ್ಡು ಜಾಸ್ತಿ, ಬೀಸಿದ ಮ್ಯಾಲೆ ಬೇಗ ಕಹಿ ಆಗ್ತದ. ಉಂಡ ಮ್ಯಾಲೆ ಒಂದು ರೊಟ್ಟಿ ತುಂಡಿನಿಂದ ಪಾತ್ರಿ ಒರೆಸಿ ಅದನ್ನ ತಿಂದುಬಿಡ್ರಿ, ತೊಳಿಯಾಕ ಹತ್ತೋ ನೀರು ಉಳೀತದ.

ರಾಯಚೂರು ಬಿಸಿಲು
ರೊಟ್ಟಿ ಒಗ್ಗರಣಿ ಮಾತು ನೂರಕ್ಕ ನೂರು ಖರೆ. ನಾನು ಒಣಗಿಸೋ ವಿಷಯ ಹೇಳ್ತೀನಿ. ಏಪ್ರಿಲ್, ಮೇ ತಿಂಗಳಾಗ ನಮ್ಮ ಊರಾಗ ಬಿಸಿಲು 40 ಡಿಗ್ರಿ ದಾಟ್ತದ. ಒಣಗಿಸೋ ಮಷೀನಿಗೆ ರೊಕ್ಕ ಹಾಕೋ ಅವಶ್ಯ ನಮಗಿಲ್ಲ, ಮಾಳಿಗಿ ಅದ.

ಟೊಮೆಟೊ ತೆಳ್ಳಗ ಹೆಚ್ಚಿ ಉಪ್ಪು ಸವರಿ ಒಣಗಿಸಿ ಪುಡಿ ಮಾಡಿಟ್ರ ವರ್ಷ ನಡೀತದ, ಉಪ್ಪಿಟ್ಟಿಗೆ ಒಂದು ಚಮಚ ಸಾಕು. ಉಳ್ಳಾಗಡ್ಡಿ ಉದ್ದುದ್ದ ಹೆಚ್ಚಿ ಒಣಗಿಸ್ರಿ. ಮೆಂತ್ಯ ಸೊಪ್ಪು ನೆರಳಾಗ ಒಣಗಿಸ್ರಿ, ಬಿಸಿಲಿಗೆ ಇಟ್ರ ಬಣ್ಣ ಹೋಗ್ತದ. ಅನ್ನಾನೂ ಹಂಗ. ಉದುರು ಉದುರು ಅನ್ನ ಮಾಡಿ ಬಿಳಿ ಬಟ್ಟಿಮ್ಯಾಲೆ ಹರವಿ ಒಣಗಿಸಿದ್ರ ಮತ್ತ ಅಕ್ಕಿಯಂಗ ಗಟ್ಟಿ ಆಗ್ತದ. ಗುಡ್ಡದಾಗ ಕುದಿಯೋ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ರ ಅನ್ನ ತಯಾರು. ಅದಕ್ಕ ಹುಣಸಿ ಪುಡಿ, ಒಗ್ಗರಣಿ ಕಲಸಿದ್ರ ಚಿತ್ರಾನ್ನ. ಒಂದು ದಿನ ಪೂರ್ತಿ ಒಣಗಲಿಲ್ಲಾಂದ್ರ ಮರುದಿನಾನೂ ಹಾಕ್ರಿ.

ಪ್ರಯೋಗಾಲಯದಾಕೆ
ಅಣ್ಣಾ, ನೀವು ಹೇಳಿದ ಉಳಿದದ್ದೆಲ್ಲ ಒಪ್ಪುತ್ತೇನೆ, ಆದರೆ ಅನ್ನದ ವಿಷಯದಲ್ಲಿ ಆ ಕೊನೆಯ ಸಾಲನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ನಾನು ಆಹಾರ ಸಂಸ್ಕರಣೆ ಓದುತ್ತಿರುವವಳು, ಇದು ನಿಜಕ್ಕೂ ಅಪಾಯದ ಜಾಗ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಬೇಯಿಸಿದ ಅನ್ನ ಹಸಿಹಸಿಯಾಗಿ ಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹಾಳಾಗುವುದಿಲ್ಲ. ಅಂದರೆ ಗುಡ್ಡದ ಮೇಲೆ ಕುದಿಯುವ ನೀರು ಹಾಕಿದ ಮಾತ್ರಕ್ಕೆ ಅನ್ನ ಸುರಕ್ಷಿತವಾಗುವುದಿಲ್ಲ. ಆಸ್ಪತ್ರೆ ದೂರವಿರುವ ಜಾಗದಲ್ಲಿ ವಾಂತಿ ಶುರುವಾದರೆ ನೀರಿನಂಶ ಕಳೆದುಕೊಂಡು ನಡೆಯಲೂ ಆಗುವುದಿಲ್ಲ.

ಮಾಡಲೇಬೇಕೆಂದರೆ ಹೀಗೆ ಮಾಡಿ. ಬೆಳಿಗ್ಗೆ ಬೇಗ ಅನ್ನ ಮಾಡಿ, ಬಿಸಿ ಇರುವಾಗಲೇ ಅಗಳು ಅಗಳು ಬೇರೆಯಾಗುವಂತೆ ಒಂದೇ ಪದರವಾಗಿ ಹರವಿ, ನೇರ ಬಿಸಿಲಿಗೆ ಇಡಿ. ನಿಮ್ಮ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ತೆಳುವಾಗಿ ಹರವಿದ ಅನ್ನ ಸಂಜೆಯೊಳಗೆ ಒಣಗುತ್ತದೆ. ಅಗಳನ್ನು ಹಲ್ಲಿನಲ್ಲಿ ಕಡಿದರೆ ಟಕ್ಕೆಂದು ಮುರಿಯಬೇಕು. ಸಂಜೆಗೆ ಇನ್ನೂ ಜಗಿಯುವಂತಿದ್ದರೆ ಅದನ್ನು ಚೆಲ್ಲಿ. ಮೋಡ ಕವಿದ ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅವಲಕ್ಕಿ, ಮಂಡಾಳು, ಶಾವಿಗೆ, ರವೆ ಇವೆಲ್ಲ ಅಂಗಡಿಯಿಂದಲೇ ಒಣಗಿ ಬರುತ್ತವೆ. ಹಾಗಾಗಿ ಬೆಳಗಿನ ತಿಂಡಿಗೆ ನಾನಂತೂ ಅನ್ನದ ಗೊಡವೆಗೆ ಹೋಗುವುದಿಲ್ಲ.

ಶೇಂಗಾದಲ್ಲಿ ಬೂಸು ಹಿಡಿದದ್ದು, ಕಪ್ಪಾದದ್ದು, ಸುಕ್ಕುಗಟ್ಟಿದ್ದು ಕಂಡರೆ ಆರಿಸಿ ತೆಗೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸಿನ ವಿಷ ಇರುವ ಸಾಧ್ಯತೆ ಇದೆ, ಹುರಿದರೂ ಪೂರ್ತಿ ಹೋಗುವುದಿಲ್ಲ.

ರಾಯಚೂರು ಬಿಸಿಲು
ತಂಗೀ, ಅನ್ನದ ಸಂಡಿಗಿ ನಮ್ಮ ಅವ್ವ, ಅಜ್ಜಿ ಎರಡು ದಿನ ಮೂರು ದಿನ ಒಣಗಿಸ್ತಿದ್ರಲ್ಲ, ಅದಕ್ಕೇನಂತೀ?

ಪ್ರಯೋಗಾಲಯದಾಕೆ
ಸಂಡಿಗೆಗೆ ಉಪ್ಪು ಹೆಚ್ಚು ಬೀಳುತ್ತದೆ, ಸಣ್ಣಗೆ ಬಿಟ್ಟಿರುತ್ತೇವೆ, ಮೊದಲ ದಿನದ ಸುಡುಬಿಸಿಲಿಗೇ ಮೇಲ್ಮೈಯ ನೀರೆಲ್ಲ ಹೋಗಿರುತ್ತದೆ. ಉಪ್ಪಿಲ್ಲದ ಅನ್ನವನ್ನು ದಪ್ಪಗೆ ರಾಶಿ ಹಾಕಿ ರಾತ್ರಿಯಿಡೀ ಬಿಟ್ಟರೆ ಆ ರಕ್ಷಣೆ ಯಾವುದೂ ಇಲ್ಲ. ಅಜ್ಜಿಯರು ಸಂಡಿಗೆಗೆ ಬೇಸಿಗೆಯನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ ಅಲ್ಲವೇ ಅಣ್ಣಾ.

ರಾಯಚೂರು ಬಿಸಿಲು
ಒಪ್ಪಿದೆ ತಂಗೀ. ಒಂದೇ ದಿನದ ಬಿಸಿಲು, ಇಲ್ಲಾಂದ್ರ ಚೆಲ್ಲೋದು. ಓದೋರು ನನ್ನ ಕೊನೀ ಸಾಲು ಬಿಟ್ಟುಬಿಡ್ರಿ.

ಸಂಡೂರು ಹಸಿರು
ನಮ್ಮ ಕಡೆ ಕಥೆ ಬೇರೆ ಐತೆ. ಸಂಡೂರು ಗುಡ್ಡ ನೋಡ್ಬೇಕಂದ್ರೆ ಮಳೆಗಾಲದಾಗೆ ಬರ್ಬೇಕು. ಆಗ ಗಾಳಿನಾಗೆ ಹಸಿ ಜಾಸ್ತಿ, ಉಪ್ಪು ಹಾಕಿದ ಪುಡಿ ಎಲ್ಲಾ ನೀರೆಳ್ಕೊಂಡು ಗಂಟು ಕಟ್ತೈತೆ. ಅದಕ್ಕೆ ಉಪ್ಪು ಬೇರೆ ಪೊಟ್ಟಣದಾಗೆ ಇಡ್ರಿ, ಒಬ್ಬೊಬ್ಬರ ಒಂದೊಂದು ಹೊತ್ತಿನ ಪಾಲು ಬೇರೆ ಬೇರೆ ಕಟ್ರಿ. ದೊಡ್ಡ ಡಬ್ಬಿ ಪದೇ ಪದೇ ತೆಗೆದ್ರೆ ಒಳಗಿದ್ದದ್ದು ಎಲ್ಲಾ ಮೆತ್ತಗಾಗ್ತೈತೆ.

ಉಪ್ಪಿಟ್ಟಿನ ಬಗ್ಗೆ ಯಾರೂ ಹೇಳ್ಲಿಲ್ಲ. ಒಬ್ಬರಿಗೆ 60 ಗ್ರಾಂ ಮಧ್ಯಮ ರವೆ, ಎರಡು ಚಮಚ ತುಪ್ಪದಾಗೆ ಘಮ್ಮನ್ನೋ ತನಕ ಹುರಿದು, ಒಗ್ಗರಣೆ ಕಲಸಿ ಇಡೋದು. ನೀರು 200 ಮಿಲಿ ಲೀಟರ್ ಬೇಕು. ಬನ್ಸಿ ರವೆ ರುಚಿ ಹೌದು, ಆದ್ರೆ ಬೇಯಾಕೆ ಹೊತ್ತು ಜಾಸ್ತಿ, ನೀರೂ ಜಾಸ್ತಿ. ನೀರು ಕುದಿಯುವಾಗ ರವೆ ಉದುರಿಸಿ ಒಂದು ನಿಮಿಷ ತಿರುವಿ ಒಲೆ ಆರಿಸ್ಬಿಡ್ರಿ. ಪಾತ್ರೆನ ಟವೆಲಿನಾಗೆ ಸುತ್ತಿ ಐದಾರು ನಿಮಿಷ ಇಟ್ರೆ ಉಳಿದದ್ದು ತಾನೇ ಬೇಯ್ತೈತೆ. ತಳ ಹಿಡಿಯಲ್ಲ, ಗ್ಯಾಸೂ ಉಳೀತೈತೆ.

ಗ್ಯಾಸ್ ಲೆಕ್ಕಾನೂ ಹೇಳ್ಬಿಡ್ತೀನಿ. ಸಣ್ಣ ಒಲೆನಾಗೆ ಒಂದು ಲೀಟರ್ ನೀರು ಕುದಿಸಾಕೆ 13ರಿಂದ 15 ಗ್ರಾಂ ಗ್ಯಾಸ್ ಬೇಕು ಅಂತ ಇಟ್ಕೊಳ್ರಿ. ಗಾಳಿ ಬೀಸಿದ್ರೆ ಅದು ದುಪ್ಪಟ್ಟು ಆಗ್ಬಹುದು, ಅದಕ್ಕೆ ಸುತ್ತ ಗಾಳಿ ತಡೆ ಬೇಕು. ಆದ್ರೆ ಗ್ಯಾಸ್ ಡಬ್ಬಿಗೆ ಬಿಸಿ ತಟ್ಟೋ ಹಂಗೆ ಪೂರ್ತಿ ಮುಚ್ಚಬಾರದು. ಮಳೆ ಬಂತಂತ ಟೆಂಟಿನೊಳಗೆ ಒಲೆ ಹಚ್ಚಲೇಬೇಡ್ರಿ. ಒಲೆ ಉರಿದಾಗ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆನಾಗೆ ಪ್ರಾಣ ತೆಗೀತೈತೆ.

ಕೊಪ್ಪಳದ ಕಲ್ಲುಗುಡ್ಡ
ಎಲ್ಲರಿಗೂ ಶರಣ್ರಿ, ಇಷ್ಟು ವಿವರ ಸಿಗ್ತೈತಿ ಅಂತ ಅಂದುಕೊಂಡಿರಲಿಲ್ಲ. ಈಗ ನೋಡ್ರಿ, ಒಬ್ಬರಿಗೆ ಅವಲಕ್ಕಿಗೆ 120, ಉಪ್ಪಿಟ್ಟಿಗೆ 200, ರೊಟ್ಟಿ ಒಗ್ಗರಣಿಗೆ ಅರ್ಧ ಲೋಟ ನೀರು. ಸಾಮಾನು ಒಣಗಿದಷ್ಟೂ ಹಗುರ, ಆದ್ರ ಮ್ಯಾಲೆ ನೀರು ಸಿಗದಿದ್ರ ಆ ನೀರಿನ ತೂಕ ನಮ್ಮ ಬೆನ್ನಮ್ಯಾಲೆನ ಕೂಡ್ತೈತಿ. ನಮ್ಮ ಬಂಡೆಗುಡ್ಡದಾಗ ಸಂಕ್ರಾಂತಿ ದಾಟಿದ್ರ ಹೊಂಡದ ನೀರು ಕುಡಿಯೋ ಹಂಗ ಇರಂಗಿಲ್ಲ. ಹಿರೇಬೆಣಕಲ್ ಗುಡ್ಡದ ಮ್ಯಾಲೆ ನಾಷ್ಟಾ ಮಾಡಬೇಕಂದ್ರ ಯಾವುದು ಸರಿ? ಸೌದಿ ಒಲಿ ಹೂಡಿದ್ರ ಗ್ಯಾಸಿನ ತೂಕನರ ಉಳೀತೈತೇನು?

ಬೆಣಕಲ್ ಸೀಮೆಯವ
ಅಣ್ಣಾರ, ಸೌದಿ ಒಲಿ ವಿಚಾರ ಬಿಟ್ಟುಬಿಡ್ರಿ, ಇದನ್ನ ಕೈ ಮುಗಿದು ಕೇಳ್ತೀನಿ.

ಮೊರೇರ ಗುಡ್ಡದ ಕಲ್ಲುಮನಿಗಳು, ಅಂದ್ರ ಹಿಂದಿನವರು ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಸಮಾಧಿಗಳು, 2000 ವರ್ಷಕ್ಕೂ ಹಳೇವು, ನೂರಾರು ಅದಾವು. 2021ರೊಳಗ ಯುನೆಸ್ಕೊ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ಸುತ್ತಲಿನ ಬಂಡೆಗವಿಗಳೊಳಗ ಕೆಂಪು ಬಣ್ಣದ ಚಿತ್ರ ಅದಾವು, ದನ, ಜಿಂಕಿ, ಮನುಷ್ಯಾರು. ಗಾಳಿ ಇಲ್ಲಂತ ಜನ ಅಂಥ ಗವಿಯೊಳಗನ ಮೂರು ಕಲ್ಲಿಟ್ಟು ಬೆಂಕಿ ಹಚ್ತಾರ. ಹೊಗಿ ಮಸಿ ಚಿತ್ರದ ಮ್ಯಾಲೆ ಕುಂತ್ರ ಅದನ್ನ ತೊಳಿಯಾಕ ಆಗಂಗಿಲ್ಲ. ಬೆಂಕಿ ಕಾವಿಗೆ ಕಣಶಿಲೆ (ಗ್ರಾನೈಟ್) ಚಕ್ಕಿ ಚಕ್ಕಿ ಎದ್ದು ಬೀಳ್ತೈತಿ. ಹಿಂದಿನ ಕಾಲದಾಗ ಬಂಡೆ ಸೀಳಾಕ ಬೆಂಕಿ ಹಾಕ್ತಿದ್ದದ್ದು ಅದಕ್ಕ. ಆನೆಗೊಂದಿ ಹತ್ತಿರದ ಒನಕೆ ಕಿಂಡಿ ಚಿತ್ರಗಳಿಗೂ ಇದೇ ಮಾತು. ಜನವರಿ ಆದಮ್ಯಾಲೆ ಗುಡ್ಡದ ಹುಲ್ಲೆಲ್ಲಾ ಒಣಗಿ ನಿಂತಿರ್ತೈತಿ, ಒಂದು ಕಿಡಿ ಹಾರಿದ್ರ ಇಡೀ ಗುಡ್ಡ ಉರೀತೈತಿ. ಗ್ಯಾಸ್ ಒಲಿನೂ ಅಲ್ಲಿ ಬ್ಯಾಡ.

ಅದರ ಬದಲು ಥರ್ಮಾಸ್ ಒಯ್ರಿ. ನೀರು ಊರಾಗನ ಕುದಿಸಿ ತುಂಬ್ರಿ. ಮೊದಲು ಥರ್ಮಾಸಿನೊಳಗ ಒಂದಿಷ್ಟು ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯೋ ನೀರು ತುಂಬಿದ್ರ ಕಾವು ಬಹಳ ಹೊತ್ತು ನಿಲ್ತೈತಿ. ಐದಕ್ಕ ತುಂಬಿದ ನೀರು ಎಂಟಕ್ಕ ಅವಲಕ್ಕಿ ಅರಳಿಸಾಕ, ರೊಟ್ಟಿ ಮೆತ್ತಗ ಮಾಡಾಕ, ಚಾ ಕಲಸಾಕ ಧಾರಾಳ ಬಿಸಿ ಇರ್ತೈತಿ. ರವಾ, ಬ್ಯಾಳಿ ಮಾತ್ರ ಇದರಾಗ ಆಗಂಗಿಲ್ಲ, ಅವಕ್ಕ ಒಲಿಮ್ಯಾಲಿನ ಕುದಿನ ಬೇಕು.

ಬೆಲ್ಲ, ಶೇಂಗಾ ಗಟ್ಟಿ ಮುಚ್ಚಳದ ಡಬ್ಬಿಯೊಳಗ ಇರಲಿ. ನಮ್ಮ ಗುಡ್ಡಗಳೊಳಗ ಕರಡಿ ಅದಾವು, ಬೆಳಕು ಹರಿಯೋ ಮುಂಚೆ, ಸಂಜಿಮುಂದ ತಿರುಗಾಡ್ತಾವು. ಪೂರ್ತಿ ಬೆಳಕಾದ ಮ್ಯಾಲೆ, ಗುಂಪಾಗಿ, ಮಾತಾಡಿಕೋತ ಹತ್ರಿ. ಅಂಜನಾದ್ರಿ ಹತ್ತಿರ ಅಂತೂ ಡಬ್ಬಿ ತೆಗೀಲೇಬ್ಯಾಡ್ರಿ, ಮಂಗ್ಯಾ ಕೈಯಾಗಿನದು ಕಸಗೊಂಡು ಹೋಗ್ತಾವು. ಮೀಸಲು ಅರಣ್ಯದ ಒಳಗ ಹೋಗೋದಿದ್ರ ಅರಣ್ಯ ಇಲಾಖೆ ಅನುಮತಿ ಮೊದಲ ತಗೋರಿ.

ಗಂಗಾವತಿ ಅಕ್ಕ
ಥರ್ಮಾಸ್ ಮಾತು ಭಾಳ ಚಲೋ ಅನ್ನಿಸ್ತು. ಚಾಕ್ಕ ಹಾಲಿನ ಪುಡಿ, ಸಕ್ಕರಿ, ಶುಂಠಿ ಪುಡಿ ಕಲಸಿಟ್ಟು, ಚಾಪುಡಿ ಸಣ್ಣ ಬಟ್ಟಿಗಂಟು ಮಾಡಿ ಒಯ್ರಿ. ಬೆಲ್ಲದ ಚಾ ಬೇಕಂದ್ರ ಹಾಲಿನ ಪುಡಿ ಹಾಕಿ ಚೂರು ಆರಿದ ಮ್ಯಾಲೆ ಬೆಲ್ಲ ಹಾಕ್ರಿ, ಕುದಿಯುವಾಗ ಹಾಕಿದ್ರ ಹಾಲು ಒಡೀತೈತಿ.

ಬಳ್ಳಾರಿ ಚೀಲ
ಹಿಮಾಲಯಕ್ಕೆ ಹೋಗೋರಿಗೆ ನಾಕು ಮಾತು. ಸಮುದ್ರ ಮಟ್ಟದಿಂದ 300 ಮೀಟರ್ ಮೇಲಕ್ಕೆ ಹೋದಂಗೆ ನೀರು ಕುದಿಯೋ ಬಿಸಿ ಸುಮಾರು 1 ಡಿಗ್ರಿ ಇಳೀತೈತೆ. ನಮ್ಮ ಬಳ್ಳಾರಿಗೆ ಅದು ಲೆಕ್ಕಕ್ಕೇ ಬರಲ್ಲ. 3500 ಮೀಟರ್ ಎತ್ತರದಾಗೆ ನೀರು 88 ಡಿಗ್ರಿ ಆಸುಪಾಸಿನಾಗೇ ಕುದಿಯುತ್ತೆ. ಅಲ್ಲಿ ತೊಗರಿಬೇಳೆ ಕುಕ್ಕರ್ ಇಲ್ದೆ ಬೇಯಲ್ಲ, ಗ್ಯಾಸ್ ಸುಮ್ನೆ ಸುಡ್ತೈತೆ. ಅವಲಕ್ಕಿ, ಸಣ್ಣ ರವೆ, ಮನೇಲಿ ಹೊಸೆದ ತೆಳು ಶಾವಿಗೆಗೆ ಯಾವ ತೊಂದರೇನೂ ಇಲ್ಲ. ಶಾವಿಗೆನ ತುಪ್ಪದಾಗೆ ಹುರಿದು ಒಯ್ದ್ರೆ ಒಂದು ಹೊತ್ತು ಉಪ್ಪಿಟ್ಟು, ಒಂದು ಹೊತ್ತು ಹಾಲಿನ ಪುಡಿ ಹಾಕಿ ಪಾಯಸ. ಚಳಿ ಹೊಡೆಯುವಾಗ ತುಪ್ಪ ಬೇಕೇ ಬೇಕು. ಒಂದು ಗ್ರಾಂ ಕೊಬ್ಬಿನಾಗೆ 9 ಕ್ಯಾಲೊರಿ, ಹಿಟ್ಟು, ಸಕ್ಕರೆನಾಗೆ 4. ಅದೇ ತೂಕಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ.

ಬರೀ ಬ್ಯುಟೇನ್ ಇರೋ ಗ್ಯಾಸ್ ಡಬ್ಬಿ ಅಲ್ಲಿ ಮುಂಜಾನೆ ಕೈ ಕೊಡ್ತೈತೆ. ಕೊರೆಯೋ ಚಳಿನಾಗೆ ಅದು ಸರಿಯಾಗಿ ಗ್ಯಾಸ್ ಆಗಲ್ಲ. ಪ್ರೊಪೇನ್, ಐಸೊಬ್ಯುಟೇನ್ ಬೆರೆಸಿದ್ದು ಕೇಳಿ ತಗೊಳ್ರಿ. ಆ ಡಬ್ಬಿನ ಇಲ್ಲಿಂದ ಒಯ್ಯೋ ಯೋಚನೆ ಮಾಡ್ಬೇಡ್ರಿ. ವಿಮಾನದಾಗೆ ಬಿಡಲ್ಲ. ರೈಲಿನಾಗೆ 1989ರ ರೈಲ್ವೆ ಕಾಯ್ದೆ ಪ್ರಕಾರ ಅಪರಾಧ, 3 ವರ್ಷದ ತನಕ ಜೈಲಾಗ್ಬಹುದು. ಮನಾಲಿ, ಡೆಹ್ರಾಡೂನಿನಂಥ ಊರಾಗೆ ಚಾರಣದ ಸಾಮಾನು ಮಾರೋ ಅಂಗಡಿ ಅವೆ, ಅಲ್ಲೇ ಕೊಳ್ರಿ.

ಕೊಪ್ಪಳದ ಕಲ್ಲುಗುಡ್ಡ
ಹಂಗಾದ್ರ ಹಿರೇಬೆಣಕಲ್ಲಿಗೆ ನಮ್ಮ ತೀರ್ಮಾನ ಹಿಂಗ. ಒಲಿ ಒಯ್ಯಂಗಿಲ್ಲ. ಹಿಂದಿನ ರಾತ್ರಿ ಗುಡ್ಡದ ಕೆಳಗ ಗೆಳೆಯನ ಹೊಲದ ಮನಿಯೊಳಗ ಉಳಿದು, ಮುಂಜಾನಿ ಅಲ್ಲೇ ನೀರು ಕುದಿಸಿ ಥರ್ಮಾಸ್ ತುಂಬ್ತೀವಿ. ಅಕ್ಕಾರ ಅವಲಕ್ಕಿ ಪೊಟ್ಟಣ ಒಬ್ಬರಿಗೊಂದು, ಸಿಂಧನೂರು ಅಣ್ಣನ ರೊಟ್ಟಿ ಒಗ್ಗರಣಿನೂ ಜತಿಗೆ. ಒಗ್ಗರಣಿ ಎಣ್ಣಿ ಮನಿಯೊಳಗನ ಕಾಸಿ ಸಣ್ಣ ಬಾಟ್ಲಿಯೊಳಗ ಒಯ್ತೀವಿ. ಸಂಡೂರಿಗೆ ಹೋದಾಗ ಮಾತ್ರ ಗ್ಯಾಸು, ಉಪ್ಪಿಟ್ಟು. ನಾಲ್ಕು ಮಂದಿಗೆ ಒಂದು ಲೀಟರ್ ಥರ್ಮಾಸ್ ಸಾಕಾಗ್ತೈತೇನ್ರಿ?

ಪ್ರಯೋಗಾಲಯದಾಕೆ
ಎಣ್ಣೆ ಬಾಟಲಿಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿಡಬೇಡಿ. ಎಣ್ಣೆಯೊಳಗೆ ಗಾಳಿಯಾಡದ ಹಸಿ ಬೆಳ್ಳುಳ್ಳಿಯಲ್ಲಿ ಬೊಟುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಎಣ್ಣೆ ಬೇರೆ, ಬೆಳ್ಳುಳ್ಳಿ ಬೇರೆ ಒಯ್ಯಿರಿ. ಇಲ್ಲವೆಂದರೆ ಶೇಂಗಾ ಹಿಂಡಿಯಲ್ಲಿರುವ ಬೆಳ್ಳುಳ್ಳಿಯೇ ಸಾಕು.

ಬೆಣಕಲ್ ಸೀಮೆಯವ
ನಾಲ್ಕು ಮಂದಿ ಅವಲಕ್ಕಿಗೆ ಅರ್ಧ ಲೀಟರ್, ಚಾಕ್ಕ ಇನ್ನರ್ಧ, ಅಲ್ಲಿಗೆ ಒಂದು ಲೀಟರ್ ಮುಗೀತು. ರೊಟ್ಟಿ ಒಗ್ಗರಣಿನೂ ಬೇಕಂದ್ರ ಅರ್ಧ ಲೀಟರಿನ ಇನ್ನೊಂದು ಥರ್ಮಾಸ್ ಇಟ್ಕೋರಿ. ಕುಡಿಯೋ ನೀರು ಒಬ್ಬರಿಗೆ ಮೂರು ಲೀಟರ್, ಇದು ಬ್ಯಾರೆ. ಹೊಲದ ಮನಿ ಯಾವ ಊರ ಕಡೆ ಐತಿ ಹೇಳ್ರಿ, ಹತ್ತಾಕ ಸಲೀಸಾದ ದಾರಿ ತಿಳಿಸ್ತೀನಿ.